ಸೊನ್ನೆ ಬರೆಸಿದವಳು

ಆ ಬೆಳಿಗ್ಗೆಯೂ ಐದಕ್ಕೆ ಎದ್ದು ನಾನು ಮಾಡಿದ ಮೊದಲ ಕೆಲಸ ಅಂಗಳದ ನಲ್ಲಿಗೆ ಬಿಂದಿಗೆ ಒಡ್ಡಿದ್ದು. ಬಸವೇಶ್ವರನಗರದ ನಮ್ಮ ಸಾಲಿಗೆ ಆಗ ದಿನ ಬಿಟ್ಟು ದಿನ ನೀರು. ಏಳರ ಹೊತ್ತಿಗೆ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಗಿಬಿಡುತ್ತಿತ್ತು. ಆಮೇಲೆ ಡಿಕಾಕ್ಷನ್ ಹಾಕಿದೆ. ಮೊದಲ ಶಿಫ್ಟಿಗೆ ಹೊರಟಿದ್ದ ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಅತ್ತೆ ಹೊಸಿಲ ಮುಂದೆ ರಂಗೋಲಿ ಎಳೆಯಲು ಕೂತರು. ಇನ್ನು ತಡಮಾಡಲು ನೆಪ ಉಳಿಯದೆ ಪಕ್ಕದ ಕೋಣೆಗೆ ಹೋಗಿ ನಾದಿನಿಯ ಹಾಸಿಗೆಯಿಂದ ರಬ್ಬರ್ ಶೀಟು ಎಳೆದೆ.

ಅದಕ್ಕೆ ನಾನೊಂದು ಕ್ರಮ ಕಂಡುಕೊಂಡಿದ್ದೆ. ಬಾಗಿಲಲ್ಲೇ ಉಸಿರು ಕಟ್ಟಬೇಕು. ಶೀಟಿನ ಎರಡು ಮೂಲೆಗಳನ್ನು ಬೆರಳ ತುದಿಯಲ್ಲಷ್ಟೇ ಹಿಡಿಯಬೇಕು. ನಡುವೆ ನಿಂತಿರುವುದು ಚೆಲ್ಲದಂತೆ ತೊಟ್ಟಿಲಿನ ಆಕಾರಕ್ಕೆ ಮಡಿಸಿ, ಹಿತ್ತಲಿನ ಕಲ್ಲಿಗೆ ಬರುವವರೆಗೂ ಮೂಗಿಗೆ ಗಾಳಿ ಬಿಡಬಾರದು. ಆದರೂ ಆ ವಾಸನೆ ಹೇಗೋ ನಾಲಿಗೆಯ ಮೇಲೆ ಕೂರುತ್ತಿತ್ತು. ಕಳೆದ ಕೆಲವು ವಾರಗಳಿಂದ ಅದು ಬರೀ ಮೂತ್ರದ ವಾಸನೆಯೂ ಆಗಿರಲಿಲ್ಲ. ಹಳಸಿದ ಮೀನಿನ ಹಾಗೆ, ಕೊಳೆತ ಹೂವಿನ ನೀರಿನ ಹಾಗೆ ಇನ್ನೇನೋ ಸೇರಿಕೊಂಡಿತ್ತು. ತೊಳೆದು ಹಿಂದಿನ ಕಾಂಪೌಂಡಿನ ಮೇಲೆ ಹರವಿ, ಅದರ ಮೇಲೊಂದು ಹಳೆಯ ಬೆಡ್‌ಶೀಟು ಮುಚ್ಚುತ್ತಿದ್ದೆ. ಆ ಗೋಡೆಯ ಆಚೆ ಹುಬ್ಬಳ್ಳಿ ಕಡೆಯ ಸಂಸಾರವೊಂದಿತ್ತು. ಆ ಮನೆಯಾಕೆ ಒಳ್ಳೆಯವರು, ಕಣ್ಣು ಮಾತ್ರ ಚುರುಕು.

"ಅತ್ತಿಗೆ, ಇವತ್ತು ಕನ್ನಂಬಾಡಿ ಗೇಟು ಎಲ್ಲಾ ತೆಗ್ದುಬಿಟ್ಟಿದಾರೆ" ಎಂದಳು ನಾದಿನಿ, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಇರ್ಲಿ ಬಿಡೇ, ಅದಕ್ಕೇನಂತೆ" ಎಂದು ನಕ್ಕೆ.

ಆ ನಗುವನ್ನು ನನಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು. ಹಲ್ಲು ಕಾಣದಂತೆ, ಹುಬ್ಬು ಏರದಂತೆ. ನಕ್ಕ ಮೇಲೆ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಮೂರು ಸಲ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದೆ.

ನಾದಿನಿಗೆ ಆಗ ಇಪ್ಪತ್ತೇಳು. ನಾಯಂಡಹಳ್ಳಿಯ ಕನ್ನಡ ಶಾಲೆಯೊಂದರಲ್ಲಿ ಒಂದನೇ ಕ್ಲಾಸಿಗೆ ಪಾಠ ಹೇಳುತ್ತಿದ್ದಳು. ಎರಡು ವರ್ಷದ ಹಿಂದೆ ಎಡಗಣ್ಣಿಗೆ ಇದ್ದಕ್ಕಿದ್ದಂತೆ ಮಂಜು ಕವಿಯಿತು. ತಿಂಗಳಲ್ಲಿ ತಾನಾಗಿ ತಿಳಿಯಾಯಿತು. ಆಮೇಲೆ ಬೆರಳಿಂದ ಸೀಮೆಸುಣ್ಣ ಜಾರತೊಡಗಿತು, ಬಲಗಾಲು ಬೇರೆ ಯಾರದೋ ಕಾಲಿನಂತೆ ಎಳೆಯತೊಡಗಿತು. ಮೊದಮೊದಲು ಅತ್ತೆ ವಾಯು ಎಂದು ಹಂಡೆ ತುಂಬ ಕುದಿನೀರು ಕಾಯಿಸಿ ಎಣ್ಣೆಸ್ನಾನ ಮಾಡಿಸಿದರು. ಬಿಸಿನೀರು ಬಿದ್ದಷ್ಟೂ ಕಾಲು ಸೋತು ಅವಳು ಬಚ್ಚಲಲ್ಲೇ ಕುಸಿದಳು. ಊರಾಚೆಯ ಆ ದೊಡ್ಡ ಆಸ್ಪತ್ರೆಯಲ್ಲಿ ಕೊನೆಗೆ ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲಿರೋಸಿಸ್. ಕರೆಂಟ್ ವೈರಿಗೆ ಇರುವ ಹಾಗೆ ನರಗಳಿಗೂ ಒಂದು ಹೊದಿಕೆ ಇರುತ್ತದಂತೆ. ಅದು ಅಲ್ಲಲ್ಲಿ ಕಿತ್ತುಹೋಗುವ ಕಾಯಿಲೆ. ನಮ್ಮ ದೇಶದಲ್ಲಿ ಅಪರೂಪ, ಚಳಿ ದೇಶದವರಿಗೆ ಬರುವುದು ಹೆಚ್ಚು ಎಂದು ಹೇಳುವಾಗ ಡಾಕ್ಟರುಗಳ ಮುಖದಲ್ಲಿ ಒಂದು ಹೊಳಪಿತ್ತು. ಆಗ ಕೊಟ್ಟ ಇಂಜೆಕ್ಷನ್ನುಗಳಿಂದ ಮುಖ ಬಾತುಕೊಂಡರೂ ಹದಿನೈದು ದಿನದಲ್ಲಿ ಎದ್ದು ಓಡಾಡಿದ್ದಳು.

ಎರಡನೆಯ ಸಲ ಕಾಲು ಸೋತಾಗ ಅವಳನ್ನು ಒಂದು ಸಂಶೋಧನೆಗೆ ಸೇರಿಸಿಕೊಂಡರು. ಕಂದು ಬಾಟಲಿ, ಮೇಲೆ ಹೆಸರಿಲ್ಲ, ನಂಬರು ಮಾತ್ರ. ಕೆಲವರ ಬಾಟಲಿಯಲ್ಲಿ ಔಷಧ, ಕೆಲವರದರಲ್ಲಿ ಬರೀ ಹಿಟ್ಟಿನ ಮಾತ್ರೆ. ಯಾರದು ಯಾವುದೆಂದು ಪರೀಕ್ಷೆ ಮಾಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ತಿಂಗಳಿಗೊಮ್ಮೆ ಹೋಗಬೇಕು. ಕಣ್ಣು, ಕೈ, ಕಾಲು, ಮೂತ್ರ ಹೀಗೆ ಒಂದೊಂದಕ್ಕೂ ಅಂಕ ಹಾಕುತ್ತಾರೆ: ತೊಂದರೆ ಇಲ್ಲದಿದ್ದರೆ ಸೊನ್ನೆ, ಹೆಚ್ಚಾದಷ್ಟೂ ಹೆಚ್ಚು ಅಂಕ. ಅಂಕ ಏರಿದರೆ ಮಾತ್ರೆ ನಿಲ್ಲಿಸಿ, ಅಡ್ಮಿಟ್ ಮಾಡಿ, ಮತ್ತೆ ಇಂಜೆಕ್ಷನ್ ಕೊಡುತ್ತಾರೆ. ಏರದಿದ್ದರೆ ಮಾತ್ರೆಯೇ ಮುಂದುವರಿಯುತ್ತದೆ. ಇಷ್ಟನ್ನೂ ಆ ಸಂಶೋಧನೆಯ ಹುಡುಗ ಡಾಕ್ಟರು ಮೊದಲ ದಿನವೇ ನನಗೆ ಬಿಡಿಸಿ ಹೇಳಿದ್ದರು.

ನನಗೆ ಹೇಳಿದ್ದರು, ಏಕೆಂದರೆ ಅವರು ಉತ್ತರದ ಕಡೆಯವರು, ಕನ್ನಡ ಬರುತ್ತಿರಲಿಲ್ಲ. ನಾದಿನಿಯ ಇಂಗ್ಲಿಷು ಒಂದನೇ ಕ್ಲಾಸಿನ ಎಬಿಸಿಡಿಯದು. ಆ ವೇಗದ ಮಾತು ಅವಳಿಗೆ ಹತ್ತುತ್ತಿರಲಿಲ್ಲ. ನಡುವೆ ನಾನು. ನನ್ನ ಇಂಗ್ಲಿಷ್ ಕೇಳಿ ಆತ ಎದ್ದು ಕುರ್ಚಿ ಕೊಟ್ಟಿದ್ದರು. ಬೇರೆ ರೋಗಿಗಳ ಮನೆಯವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನನಗೆ ಮಾತ್ರ ಕುರ್ಚಿ. ಮದುವೆಯಾಗಿ ಹತ್ತು ವರ್ಷ ಸಾರು, ಹುಳಿ, ನೀರು ಎಂದು ಕಳೆದವಳಿಗೆ ಆ ಕುರ್ಚಿ ಎಷ್ಟು ಹಿತವಾಗಿತ್ತೆಂದು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಸಂಕ್ರಾಂತಿಯ ಆಸುಪಾಸಿನಲ್ಲಿ ಅವಳಿಗೆ ಮೂತ್ರದ ತೊಂದರೆ ಶುರುವಾಯಿತು. ಆ ತಿಂಗಳ ಪರೀಕ್ಷೆಯಲ್ಲಿ ಡಾಕ್ಟರು ಹಾಳೆಯಿಂದ ತಲೆಯೆತ್ತದೆ ಆ ಪ್ರಶ್ನೆ ಕೇಳಿದರು. ನಾನು ಅವಳ ಕಿವಿಯ ಹತ್ತಿರ ಬಾಗಿ, "ಆ ಕಡೆ ಹೇಗಿದೆ ಅಂತ ಕೇಳ್ತಿದಾರೆ ಕಣೇ" ಎಂದೆ.

"ತಡ್ಕೊಳಕ್ಕೇ ಆಗಲ್ಲ ಅಂತ ಹೇಳಿ. ಗೊತ್ತಾಗೋದ್ರೊಳಗೆ ಆಗೋಗಿರತ್ತೆ. ಕೆಲವು ಸಲ ಕೂತ್ಕೊಂಡ್ರೆ ಬರೋದೇ ಇಲ್ಲ. ಹೊಟ್ಟೆ ಕೆಳಗೆ ಭಾರ. ಎಲ್ಲಾ ಹೇಳಿ ಅತ್ತಿಗೆ."

ಡಾಕ್ಟರ ಪೆನ್ನು ಕಾಯುತ್ತಿತ್ತು. ಅವರ ಅಂಗಿಯ ತೋಳಿನಲ್ಲಿ ಇಸ್ತ್ರಿಯ ಗೆರೆ ಚೂಪಾಗಿತ್ತು. ಪಕ್ಕದ ಬೆಂಚಿನಲ್ಲಿ ನಾಲ್ಕು ಜನ ವಿದ್ಯಾರ್ಥಿಗಳು. ನಾನು ಹೇಳಿದೆ: "ಶೀ ಈಸ್ ಮ್ಯಾನೇಜಿಂಗ್, ಡಾಕ್ಟರ್." ಅವರು ಗುಂಡಗೆ ಒಂದು ಸೊನ್ನೆ ಬರೆದರು.

ಮುಂದಿನ ತಿಂಗಳೂ ಅದೇ ಪ್ರಶ್ನೆ, ಅವಳದು ಅದೇ ಉದ್ದದ ಉತ್ತರ, ನನ್ನದು ಅದೇ ಎರಡು ಮಾತು. ಅದರ ಮುಂದಿನ ತಿಂಗಳೂ. ಅವಳು ಹೇಳಿದ್ದೆಲ್ಲ ನನ್ನ ಬಾಯಿಂದ ಆಚೆ ದಾಟುತ್ತಿದೆ ಎಂದೇ ಅವಳು ನಂಬಿದ್ದಳು. ಮನೆಗೆ ಬಂದು ಅಮ್ಮನಿಗೆ, "ಎಲ್ಲಾ ಹೇಳಿದೀವಮ್ಮ, ಅವರು ನೋಡ್ತಾ ಇದಾರೆ" ಎನ್ನುತ್ತಿದ್ದಳು. ಅಂಥ ಮಾತನ್ನು ಗಂಡಸಿನ ಮುಂದೆ ಆಡಲು ನನಗೆ ನಾಚಿಕೆಯಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಪೂರ್ತಿ ನಿಜವಲ್ಲ. ನನಗೆ ಅವಳ ಬಗ್ಗೆ ಅಸಹ್ಯವಿತ್ತು. ಬೆಳಿಗ್ಗೆ ಬೆರಳ ತುದಿಯಲ್ಲಿ ಹಿಡಿದು ಬಂದದ್ದನ್ನು ಮತ್ತೆ ಮಧ್ಯಾಹ್ನ ನಾಲಿಗೆಯ ಮೇಲೆ ಹೊರಲು ನನಗೆ ಇಷ್ಟವಿರಲಿಲ್ಲ.

ಆ ದಿನ ಮಾಮೂಲಿ ಪರೀಕ್ಷೆಯಲ್ಲ. ಬೇರೆ ಊರಿನಿಂದ ಹಿರಿಯ ಡಾಕ್ಟರೊಬ್ಬರು ಬರುತ್ತಾರೆ, ಸಭೆಯಲ್ಲಿ ನಾದಿನಿಯನ್ನು ತೋರಿಸಬೇಕು, ಹತ್ತಕ್ಕೆ ತಪ್ಪದೆ ಕರೆತನ್ನಿ ಎಂದು ಹುಡುಗ ಡಾಕ್ಟರು ಹೇಳಿ ಕಳುಹಿಸಿದ್ದರು. ಅವಳಿಗೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿ, ಹಸಿರು ಅಂಚಿನ ಕಾಟನ್ ಸೀರೆ ಉಡಿಸಿದೆ. ಆಟೋದಲ್ಲಿ ಮಾಗಡಿ ರಸ್ತೆಯ ಗುಂಡಿಗೊಮ್ಮೆ ಅವಳು ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು.

"ನಿಧಾನಕ್ಕೆ ಹೋಗ್ತೀನಕ್ಕ, ಬಿಡಿ" ಎಂದ ಆಟೋದವನು ಕನ್ನಡಿಯಲ್ಲಿ ನೋಡಿ. "ಬಾಣಂತೀನಾ?"

"ಇಲ್ಲಪ್ಪ, ನಾನು ಎಕ್ಸಿಬಿಷನ್‌ಗೆ ಹೋಗ್ತಾ ಇದೀನಿ" ಎಂದಳು ನಾದಿನಿ. "ಟಿಕೆಟ್ ಇಲ್ಲ, ನೀನೂ ಬಾ."

ಅದು ಎಕ್ಸಿಬಿಷನ್ನೇ ಆಗಿತ್ತು. ಮೆಟ್ಟಿಲು ಮೆಟ್ಟಿಲಾಗಿ ಏರಿದ ಬೆಂಚುಗಳ ಹಾಲಿನಲ್ಲಿ ಬಿಳಿ ಕೋಟುಗಳು ತುಂಬಿದ್ದವು. ಕಿಟಕಿಗಳಿಗೆ ಕಪ್ಪು ಪರದೆ, ಒಳಗೆ ದಪ್ಪ ಸೆಖೆ, ಯಾರದೋ ಹೇರ್ ಆಯಿಲ್ ವಾಸನೆ. ಮುಂದೆ ಒಂದು ಕಬ್ಬಿಣದ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಸಿದರು. ನಾನು ಎತ್ತಿ ಹಿಡಿದೆ. ಗೋಡೆಯ ಬೆಳಕಿನ ಪೆಟ್ಟಿಗೆಯ ಮೇಲೆ ಅವಳ ಮೆದುಳಿನ ಸ್ಕ್ಯಾನಿನ ಫಿಲ್ಮುಗಳನ್ನು ಸಾಲಾಗಿ ಸಿಕ್ಕಿಸಿದ್ದರು. ಹೋಳು ಹೋಳಾಗಿ ಕೊಯ್ದ ಬೂದು ಬಣ್ಣದ ಅಕ್ರೋಟಿನ ಹಾಗಿದ್ದವು.

"ಅತ್ತಿಗೆ, ನನ್ನ ಫೋಟೋ ಚೆನ್ನಾಗಿ ಬಂದಿದೆ ಅಲ್ವಾ?" ಎಂದು ಪಿಸುಗುಟ್ಟಿದಳು. "ಗಂಡಿನ ಕಡೆಯವರಿಗೆ ಇದನ್ನೇ ಕಳಿಸಿ. ತಲೇಲಿ ಏನೋ ಇದೆ ಅಂತಾದ್ರೂ ಗೊತ್ತಾಗತ್ತೆ."

ಹಿರಿಯ ಡಾಕ್ಟರು ಫಿಲ್ಮಿಗೆ ಮೂಗು ತಾಗುವಷ್ಟು ಹತ್ತಿರ ಬಾಗಿ ನೋಡಿ, ಈ ಯಂತ್ರಕ್ಕೆ ಇದೆಲ್ಲ ಕಾಣುವುದಿಲ್ಲ ಎಂದರು. ವಿದೇಶದಲ್ಲಿ ಈಗ ಆಯಸ್ಕಾಂತದ ಯಂತ್ರ ಬಂದಿದೆ, ಅದರಲ್ಲಿ ಹೊದಿಕೆ ಕಿತ್ತುಹೋದ ಜಾಗವೆಲ್ಲ ಬಿಳಿ ಚುಕ್ಕೆಯಾಗಿ ಕಾಣುತ್ತದೆ, ಇಂಥ ಕೇಸನ್ನು ಅದರೊಳಗೆ ಹಾಕಿ ನೋಡಬೇಕು ಎಂದು ಹಲಸಿನ ತೊಳೆಯ ಬಗ್ಗೆ ಮಾತಾಡುವವರಂತೆ ಹೇಳಿದರು. ಆಮೇಲೆ ವಿದ್ಯಾರ್ಥಿಗಳು ಸಾಲಾಗಿ ಇಳಿದು ಬಂದರು. ಪ್ರತಿಯೊಬ್ಬನೂ ಜೇಬಿನಿಂದ ತನ್ನ ಸೈಕಲ್ಲಿನದೋ ಸ್ಕೂಟರಿನದೋ ಕೀ ತೆಗೆದು ಅವಳ ಅಂಗಾಲಿನ ಮೇಲೆ ಹಿಮ್ಮಡಿಯಿಂದ ಬೆರಳಿನವರೆಗೆ ಗೀರಿದ. ಹೆಬ್ಬೆರಳು ಮೇಲಕ್ಕೆದ್ದರೆ ರೋಗವಿದೆ ಎಂದರ್ಥ. ಪ್ರತಿ ಸಲ ಎದ್ದಿತು. ಒಬ್ಬ ಸರಿಯಾಗಿ ಕಾಣಲಿಲ್ಲವೆಂದು ಎರಡು ಸಲ ಗೀರಿದ. ಅವನ ಕೀಯಲ್ಲಿ ಗ್ರೀಸಿನ ಮಸಿ ಇತ್ತು. ಮುಟ್ಟುವ ಮೊದಲು ಒಂದು ಮಾತು ಕೇಳಿದವರಿಲ್ಲ, ಮುಟ್ಟಿದ ಮೇಲೆ ಮುಖ ನೋಡಿದವರಿಲ್ಲ. ಬಿಳಿ ಅಂಗಾಲಿನ ಮೇಲೆ ಕೆಂಪು ಮತ್ತು ಕಪ್ಪು ಗೆರೆಗಳು ಎದ್ದವು.

ಹುಡುಗ ಡಾಕ್ಟರು ಹಾಳೆ ತೆಗೆದು ಓದತೊಡಗಿದರು. ಆರಂಭಕ್ಕಿಂತ ಕಣ್ಣು ಮೇಲು. ಕೈ ಸ್ಥಿರ. ನಡಿಗೆಯಲ್ಲಿ ಅಲ್ಪ ಇಳಿಕೆ. "ಮೂತ್ರ: ಎಲ್ಲಾ ಭೇಟಿಗಳಲ್ಲೂ ಸೊನ್ನೆ" ಎಂದು ಇಂಗ್ಲಿಷಿನಲ್ಲಿ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಮೂತ್ರಕೋಶ ಉಳಿದಿದೆ ಎಂದರೆ ರೋಗ ಹತೋಟಿಯಲ್ಲಿದೆ, ಬಾಟಲಿಯಲ್ಲಿರುವುದು ಹಿಟ್ಟಲ್ಲ, ಔಷಧವೇ ಇರಬಹುದು ಎಂದರು. ಹಿರಿಯರು ತಲೆದೂಗಿದರು.

ಆಗಲೇ ಆ ಸದ್ದು ಕೇಳಿಸಿತು. ಸ್ಟೂಲಿನಿಂದ ಮೊಸಾಯಿಕ್ ನೆಲಕ್ಕೆ ಮೊದಲು ಹನಿಹನಿಯಾಗಿ, ಆಮೇಲೆ ಒಂದೇ ಧಾರೆಯಾಗಿ. ಸೆಖೆಗೆ ಅವಳ ಕಾಲುಗಳು ಸೆಟೆದು ನಡುಗುತ್ತಿದ್ದವು. ಹಸಿರು ಅಂಚು ಕಪ್ಪಾಯಿತು. ವಾಸನೆ ಮುಂದಿನ ಬೆಂಚಿಗೆ ತಲುಪಿದ್ದು ಅಲ್ಲಿ ಕರ್ಚೀಫುಗಳು ಏಳುವುದರಿಂದ ಗೊತ್ತಾಯಿತು. ನಾಚಿಕೆಯಿಂದ ಹೇಳುತ್ತೇನೆ, ಆ ಹೊತ್ತಿನಲ್ಲಿ ನಾನು ಎತ್ತಿ ಹಿಡಿದಿದ್ದ ಸೀರೆಯನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದೆ. ನನ್ನ ಚಪ್ಪಲಿ ಒದ್ದೆಯಾಗಬಾರದೆಂದು.

ಮುಂದೆ ಬಂದವರು ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ. ಮಂಡ್ಯದ ಕಡೆಯವರು, ದಪ್ಪಗಿದ್ದರು. "ಅಯ್ಯೋ ಕಂದ, ಏನಾಗಕಿಲ್ಲ ಕಣವ್ವ, ಇರು" ಎಂದು ತಮ್ಮ ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ಅವಳ ಮಡಿಲಿಗೆ ಹಾಸಿ, ಬರಿಗೈಯಲ್ಲೇ ಅವಳ ಮೊಣಕಾಲು ಹಿಡಿದು ನಡುಕ ನಿಲ್ಲಿಸಿದರು.

ಹಿರಿಯ ಡಾಕ್ಟರು ನೆಲವನ್ನೂ ಹಾಳೆಯನ್ನೂ ನೋಡಿದರು. ಹುಡುಗ ಡಾಕ್ಟರು ನನ್ನನ್ನು ನೋಡಿದರು.

"ಯಾವಾಗಿನಿಂದ?" ಎಂದು ಹಿರಿಯರು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದರು.

ಮತ್ತೆ ಅದೇ ಎರಡು ಮಾತು ಬಾಯಿಗೆ ಬಂದಿತ್ತು. ನೆಲದ ಮೇಲೆ ಅಷ್ಟೆಲ್ಲ ಹರಡಿರುವಾಗ ಅದನ್ನು ಹೇಳುವ ಹಾಗಿರಲಿಲ್ಲ, ಅಷ್ಟೇ. ಧೈರ್ಯ ಬಂತೆಂದು ಯಾರೂ ತಿಳಿಯಬಾರದು. "ಫೋರ್ ಮಂತ್ಸ್" ಎಂದೆ.

ಅಷ್ಟು ಇಂಗ್ಲಿಷು ಒಂದನೇ ಕ್ಲಾಸಿನ ಮೇಷ್ಟ್ರಮ್ಮನಿಗೆ ಬರುತ್ತಿತ್ತು.

"ನಾಲ್ಕು ತಿಂಗಳು ಅಂತ ಈಗ ಹೇಳ್ತಾ ಇದೀರಾ?" ಎಂದಳು ನಾದಿನಿ. "ಅತ್ತಿಗೆ? ಅವರಿಗೆ ಈಗ ಗೊತ್ತಾಗ್ತಾ ಇದೆಯಾ?"

ನಾನು ನೆಲದ ಮೇಲಿಟ್ಟಿದ್ದ ಟಿಫನ್ ಕ್ಯಾರಿಯರಿನ ಚೀಲ ಎತ್ತಿಕೊಂಡೆ.

"ನಾನು ಪ್ರತಿ ಸಲ ಹೇಳಿದ್ನಲ್ಲ. ನೀವು ಅವರಿಗೆ ಏನು ಹೇಳಿದ್ರಿ?"

ನೀನು ಹೇಗೋ ನಿಭಾಯಿಸುತ್ತಿದ್ದೀಯೆ ಎಂದು ಹೇಳಿದೆ ಎನ್ನಲೇ? ಅವಳು ನನ್ನ ಮುಖ ನೋಡಿದಳು. ಆಮೇಲೆ ಒದ್ದೆ ಸ್ಟೂಲಿನ ಮೇಲೆಯೇ ನೆಟ್ಟಗೆ ಕೂತು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ, ನರ್ಸಮ್ಮನ ಕಡೆ ತಿರುಗಿ, ಶುರುವಿನಿಂದ ಎಲ್ಲವನ್ನೂ ಹೇಳಿದಳು. ಎಷ್ಟು ಸಲ, ಯಾವ ಬಣ್ಣ, ಎಲ್ಲಿ ನೋವು, ಯಾವ ರಾತ್ರಿಯಿಂದ ಚಳಿಜ್ವರ. ಒಂದು ಮಾತನ್ನೂ ಮೆಲ್ಲಗೆ ಆಡಲಿಲ್ಲ. ನರ್ಸಮ್ಮ ತಮಗೆ ಬರುವ ಹರಕುಮುರುಕು ಇಂಗ್ಲಿಷಿನಲ್ಲಿ ಅಷ್ಟನ್ನೂ ಹಾಗೆಯೇ ದಾಟಿಸಿದರು. ಉಚ್ಚೆ ಎಂಬುದಕ್ಕೆ ಅವರು ಬಳಸಿದ ಇಂಗ್ಲಿಷ್ ಪದ ಕೇಳಿ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಪೆನ್ನುಗಳು ಮಾತ್ರ ಓಡುತ್ತಿದ್ದವು. ನಾನು ಚೀಲ ಹಿಡಿದು ಗೋಡೆಗೆ ಒರಗಿ ನಿಂತಿದ್ದೆ.

ಪಕ್ಕದ ಕೋಣೆಯಲ್ಲಿ ಮೂತ್ರ ಇಳಿಸಲು ನಳಿಕೆ ಹಾಕಿದರು. ಹಾಲಿನಲ್ಲಿ ಅಷ್ಟು ಹೋದ ಮೇಲೂ ಒಳಗೆ ಉಳಿದಿದ್ದದ್ದು ದೊಡ್ಡ ಬೋಗುಣಿ ತುಂಬಿ ಇನ್ನೊಂದಕ್ಕೆ ಬಂತು. ಗಂಜಿಯಂತೆ ಮಬ್ಬು. ನಾನು ದಿನಾ ಮೂಗು ಮುಚ್ಚಿ ತೊಳೆಯುತ್ತಿದ್ದದ್ದು ಅದರ ವಾಸನೆಯನ್ನೇ. ನನಗೆ ಹೇಸಿಗೆ ಹುಟ್ಟಿಸಿದ್ದೇ ರೋಗದ ಗುರುತಾಗಿತ್ತು. ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದು ಹಿರಿಯ ಡಾಕ್ಟರು ಅವಳ ಸೊಂಟದ ಹಿಂದೆ ತಟ್ಟಿ ನೋಡಿ ಹೇಳಿದರು. ಎಷ್ಟು ಹಾಳಾಗಿದೆ ಎಂದು ರಕ್ತ ನೋಡಿದ ಮೇಲೆ ತಿಳಿಯುತ್ತದೆ. ಮೊದಲು ಸೋಂಕು ಇಳಿಸಬೇಕು, ಆಮೇಲೆ ಇಂಜೆಕ್ಷನ್. ಮೊದಲ ತಿಂಗಳೇ ಹೇಳಿದ್ದರೆ ನೇರವಾಗಿ ಇಂಜೆಕ್ಷನ್ ಕೊಡಬಹುದಿತ್ತು ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗ ಡಾಕ್ಟರು ಕಾರಿಡಾರಿನ ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು ಕೆಂಪು ಪೆನ್ನಿನಿಂದ ಅವಳ ಸಾಲನ್ನು ಮೂಲೆಯಿಂದ ಮೂಲೆಗೆ ಹೊಡೆದುಹಾಕುತ್ತಿದ್ದರು. ಜೊತೆಯವನಿಗೆ, "ನನ್ನ ಒಳ್ಳೆ ಕೇಸೊಂದು ಹೋಯ್ತು ಮಾರಾಯ, ಆ ಹೆಂಗಸಿನ ದೆಸೆಯಿಂದ" ಎಂಬ ಅರ್ಥದ ಇಂಗ್ಲಿಷ್ ಮಾತು ಹೇಳಿದರು. ನಾನು ಎರಡು ಮಾರು ದೂರದಲ್ಲಿದ್ದೆ. ಒಳಗೆ ಜ್ವರದಲ್ಲಿ ನಡುಗುತ್ತಿದ್ದವಳ ಬಗ್ಗೆ ಅವರಿಗಿದ್ದ ಸಂಕಟ ಅಷ್ಟೇ. ಆ ಗರಿಗರಿ ಅಂಗಿತೋಳಿನ ಮೇಲೆ ಉಗುಳಬೇಕೆನಿಸಿತು. ಆದರೆ ಆ ಸೊನ್ನೆಗಳನ್ನು ಬರೆಸಿದವಳು ನಾನು. ನನ್ನನ್ನು ಕಂಡು ಅವರು ಅಭ್ಯಾಸಬಲದಿಂದ ಪಕ್ಕದ ಕುರ್ಚಿಯ ಕಡೆ ಕೈ ತೋರಿಸಿದರು. ಕೂರಲಿಲ್ಲ.

ವಾರ್ಡಿನಲ್ಲಿ ನಾದಿನಿಗೆ ಡ್ರಿಪ್ ಹಾಕಿ ಮಲಗಿಸಿದ್ದರು. ಪಾದದಲ್ಲಿ ಕೀಗಳ ಗೀರು ಇನ್ನೂ ಇತ್ತು. ನಾನು ಒದ್ದೆ ಬಟ್ಟೆ ತಂದು ಒರೆಸಲು ಹೋದೆ.

"ಬೇಡ" ಎಂದಳು. ಕಾಲು ಎಳೆದುಕೊಳ್ಳಲು ಅವಳಿಂದ ಆಗುತ್ತಿರಲಿಲ್ಲ, ಮಾತಿನಲ್ಲೇ ಎಳೆದುಕೊಂಡಳು.

"ಇವತ್ತು ರಾತ್ರಿ ನಾನೇ ಇರ್ತೀನಿ ಕಣೇ."

"ನೀವು ಮನೆಗೆ ಹೋಗಿ ಅತ್ತಿಗೆ. ಅಮ್ಮನ್ನ ಕಳಿಸಿ."

"ಅಮ್ಮಂಗೆ ಇಲ್ಲಿಯವರ ಭಾಷೆ..."

"ಅಮ್ಮಂಗೆ ಇಂಗ್ಲಿಷ್ ಬರಲ್ಲ" ಎಂದಳು, ಕಣ್ಣು ಮುಚ್ಚಿಕೊಂಡು. "ಅದಕ್ಕೇ ಕಳಿಸಿ ಅಂದಿದ್ದು."

ಎರಡು ಬಸ್ಸು ಬದಲಿಸಿ ಮನೆ ಸೇರುವ ಹೊತ್ತಿಗೆ ಐದೂವರೆ. ಶಿಫ್ಟು ಮುಗಿಸಿ ಬಂದಿದ್ದ ಯಜಮಾನರಿಗೆ ನಡೆದದ್ದನ್ನು ಹೇಳಿದೆ. ಈ ಸಲ ಒಂದನ್ನೂ ಬಿಡದೆ. ಅವರು ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು, ನನ್ನ ಕಡೆ ನೋಡದೆ, ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟುಹೋದರು. ಹೊರಡುವ ಮುನ್ನ ಅತ್ತೆ, ಗೇಟಿನವರೆಗೆ ಬಂದ ನನ್ನನ್ನು, "ಕಷಾಯದ ಪುಡಿ ಡಬ್ಬಿ ಎಲ್ಲಿಟ್ಟಿದೀಯಮ್ಮ?" ಎಂದಷ್ಟೇ ಕೇಳಿದರು. ಅವರು ಇನ್ನೂ ಅರ್ಥ ಮಾಡಿಕೊಂಡಿರಲಿಲ್ಲ. ದಾರಿಯಲ್ಲಿ ಮಗ ಹೇಳಿರಬೇಕು.

ಖಾಲಿ ಮನೆಯಲ್ಲಿ ಕೂರಲಾಗದೆ ಹಿತ್ತಲಿಗೆ ಹೋದೆ. ಗೋಡೆಯಾಚೆ ಹುಬ್ಬಳ್ಳಿಯಾಕೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು.

"ಏನ್ರೀ ಅಕ್ಕಾರ, ಮಾರಿ ಸಪ್ಪಗಾಗೇತಿ? ನಿಮ್ಮ ನಾದಿನಿ ಎಲ್ಲಿ?"

"ಆಸ್ಪತ್ರೇಲಿ ಇಟ್ಕೊಂಡಿದಾರೆ ಕಣ್ರೀ."

"ಹೌದಾ? ಇರಲಿ ಬಿಡ್ರಿ, ದೊಡ್ಡ ದವಾಖಾನಿ, ನೋಡ್ಕೋತಾರ." ಅವರು ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಬುಟ್ಟಿಗೆ ಹಾಕಿದರು. "ನಿಮಗೊಂದು ಮಾತು ಹೇಳೋದಿತ್ತು. ಬುಧವಾರ ನಮ್ಮ ಅತ್ತಿಯವರನ್ನ ಡಾಕ್ಟರ್ ಕಡೆ ಕರಕೊಂಡು ಹೋಗೋದೈತಿ. ಹೆಂಗಸರ ತ್ರಾಸು, ನನಗಂತೂ ಬಾಯಿ ಬಿಟ್ಟು ಹೇಳಾಕ ಆಗಂಗಿಲ್ಲ. ನೀವು ಸ್ವಲ್ಪ ಜೋಡಿ ಬರ್ರಲ್ಲ? ನೀವಾದ್ರ ಎಲ್ಲಾ ನಾಜೂಕಾಗಿ ಹೇಳ್ತೀರಿ."